ಕರಾವಳಿಯ ಮಳೆಗೆ ಸೈಕಸ್ ಕೊಳೆಯದಂತೆ ಬೆಳೆಸುವುದು ಹೇಗೆ

ಕಾರವಾರದಿಂದ ಭಟ್ಕಳದವರೆಗಿನ ಮನೆಯಂಗಳಗಳಲ್ಲಿ ಸೈಕಸ್ ಗಿಡ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಮಳೆಗೆ. ಏಪ್ರಿಲ್–ಮೇ ತಿಂಗಳಲ್ಲಿ ನರ್ಸರಿಯಿಂದ ತಂದು, ತೆಂಗಿನ ಸಸಿ ಇಡುವ ಹಾಗೆ ಆಳದ ಗುಂಡಿ ತೋಡಿ, ಬುಡ ಮುಚ್ಚುವಂತೆ ಮಣ್ಣೆಳೆದು ನೆಡುತ್ತಾರೆ. ಆಷಾಢದಲ್ಲಿ ಗರಿಗಳು ಒಟ್ಟಿಗೇ ಮಂಕಾಗುತ್ತವೆ. ಚೌತಿಯ ಹೊತ್ತಿಗೆ ಸುಳಿ ಹಿಡಿದು ಎಳೆದರೆ ಇಡೀ ತಲೆ ಕೈಗೆ ಬರುತ್ತದೆ, ಹುಳಿ ವಾಸನೆಯ ಕಂದು ಲೋಳೆಯೊಂದಿಗೆ. ನೂರಾರು ವರ್ಷ ಬಾಳಬಲ್ಲ ಗಿಡ ನಾಲ್ಕೇ ತಿಂಗಳಲ್ಲಿ ಹೋಗುವುದು ಹೀಗೆ. ಇದನ್ನು ತಪ್ಪಿಸುವುದು ಕಷ್ಟವಲ್ಲ. ಅದಕ್ಕೆ ಎರಡು ಸಂಗತಿ ಗೊತ್ತಿದ್ದರೆ ಸಾಕು: ಗಿಡದ ಬುಡ ಎಲ್ಲಿರಬೇಕು, ಅದರ ಸುಳಿ ಯಾವಾಗ ಬಿಚ್ಚುತ್ತದೆ. ಉಳಿದ ಕೆಲಸವೆಲ್ಲ ಇವೆರಡರ ಸುತ್ತ ಬರುವಂಥದ್ದು.

ಇದು ಈಚಲಲ್ಲ

ನೋಡಲು ಈಚಲಿನ ಹಾಗಿದೆ, ನರ್ಸರಿಗಳಲ್ಲಿ ‘ಸೈಕಸ್ ಪಾಮ್’, ‘ಸಾಗೋ ಪಾಮ್’ ಎಂದೇ ಮಾರುತ್ತಾರೆ. ಆದರೆ ತಾಳೆಯ ಬಳಗಕ್ಕೂ ಇದಕ್ಕೂ ಸಂಬಂಧವಿಲ್ಲ. ಸೈಕಸ್ ಹೂ ಬಿಡುವುದಿಲ್ಲ, ಹಣ್ಣೂ ಬಿಡುವುದಿಲ್ಲ. ಪೈನ್ ಮರದಂತೆ ಬೀಜ ಬರಿದಾಗಿ ಹೊರಗೇ ಇರುವ ಗುಂಪಿನದು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಈ ಬಳಗದ ಪಳೆಯುಳಿಕೆಗಳು ಸುಮಾರು 28 ಕೋಟಿ ವರ್ಷ ಹಿಂದಕ್ಕೆ ಹೋಗುತ್ತವೆ. ‘ಡೈನೋಸಾರ್ ಕಾಲದ ಗಿಡ’ ಎನ್ನುವ ಮಾತು ವಂಶದ ಮಟ್ಟಿಗೆ ನಿಜ. ಇವತ್ತು ಬದುಕಿರುವ ಸುಮಾರು 350 ಜಾತಿಗಳಲ್ಲಿ ಬಹುಪಾಲು ಕವಲೊಡೆದದ್ದು ಕಳೆದ ಒಂದೂಕಾಲು ಕೋಟಿ ವರ್ಷಗಳ ಈಚೆಗೆ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾತಿಗಳು ಅಳಿವಿನ ಅಂಚಿನತ್ತ ಸಾಗಿವೆ. ಭೂಮಿಯ ಮೇಲೆ ಇಷ್ಟು ಅಪಾಯದಲ್ಲಿರುವ ಸಸ್ಯಗುಂಪು ಬೇರೆ ಇಲ್ಲವೆಂದೇ ಹೇಳಬೇಕು.

ಬೆಳೆಸುವವರಿಗೆ ಬೇಕಾದ ವ್ಯತ್ಯಾಸ ಹೀಗಿದೆ. ತೆಂಗು, ಅಡಿಕೆ ಒಂದಾದ ಮೇಲೊಂದು ಗರಿ ಬಿಡುತ್ತವೆ. ಸೈಕಸ್ ತಿಂಗಳುಗಟ್ಟಲೆ ಸುಮ್ಮನಿದ್ದು, ವರ್ಷಕ್ಕೊಮ್ಮೆ, ಎಲ್ಲೋ ಎರಡು ಸಲ, ಇಡೀ ವರ್ತುಲದ ಗರಿಗಳನ್ನು ಒಂದೇ ಏಟಿಗೆ ಬಿಚ್ಚುತ್ತದೆ. ಆ ಸುತ್ತು ಕೆಟ್ಟರೆ ಮುಂದಿನ ಸುಳಿಯವರೆಗೆ ಗಿಡಕ್ಕೆ ಹೊಸ ಎಲೆ ಇಲ್ಲ.

ಬೇರಿನಲ್ಲೂ ಒಂದು ವಿಶೇಷವಿದೆ. ಬುಡದ ಸುತ್ತ ಮಣ್ಣಿನ ಮೇಲ್ಪದರದಲ್ಲಿ, ಕೆಲವೊಮ್ಮೆ ಮಣ್ಣಿಂದ ಹೊರಕ್ಕೇ, ಹವಳದಂತೆ ಗಂಟುಗಂಟಾಗಿ ಕವಲೊಡೆದ ಬೇರುಗಳು ಕಾಣುತ್ತವೆ. ಇದನ್ನು ರೋಗವೆಂದು ತಿಳಿದು ಕತ್ತಿಯಿಂದ ಕೆರೆದು ತೆಗೆಯುವವರು ಬಹಳ. ಒಂದು ಗಂಟನ್ನು ಬ್ಲೇಡಿನಲ್ಲಿ ಅಡ್ಡ ಸೀಳಿ ನೋಡಿ: ಬಿಳಿ ತಿರುಳಿನ ನಡುವೆ ಬಳೆಯಂತೆ ಒಂದು ನೀಲಿಹಸಿರು ಗೆರೆ. ಅದು ನೀಲಿಹಸಿರು ಪಾಚಿ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತದೆ. ಹಾಗಾಗಿ ಸೈಕಸ್ ಬುಡದಲ್ಲಿ ಗುದ್ದಲಿ ಆಡಿಸಬಾರದು. ಕಳೆಯನ್ನು ಕೈಯಿಂದ ಕೀಳಿ.

ಯಾವ ಜಾತಿ, ಎಲ್ಲಿಗೆ

ನಮ್ಮಲ್ಲಿ ಸಿಗುವುದು ಮುಖ್ಯವಾಗಿ ಮೂರು.

ಸೈಕಸ್ ಸರ್ಸಿನಾಲಿಸ್ ಪಶ್ಚಿಮಘಟ್ಟದ್ದೇ ಗಿಡ. 17ನೇ ಶತಮಾನದ ಕೊನೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ, ಮಲಬಾರಿನ ಗಿಡಗಳನ್ನು ವಿವರಿಸುವ ‘ಹೋರ್ಟಸ್ ಮಲಬಾರಿಕಸ್’ ಸಂಪುಟಗಳಲ್ಲಿ ಇದರ ಚಿತ್ರವಿದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು ಇವತ್ತಿಗೂ ನಡೆಯುತ್ತಿದೆ. ಗರಿ ಆಳುದ್ದ ಬರುತ್ತದೆ, ಕಿರುಎಲೆ ಚಪ್ಪಟೆ, ಮೃದು, ಬೆರಳಗಲ. ಮಳೆ ಇದಕ್ಕೆ ಹೊಸದಲ್ಲ, ಅರೆನೆರಳೂ ಒಗ್ಗುತ್ತದೆ. ಶಿರಸಿ, ಯಲ್ಲಾಪುರ, ಸಿದ್ದಾಪುರದ ತೋಟದಂಚಿಗೆ, ಕರಾವಳಿಯಲ್ಲಿ ಮರದ ನೆರಳಿರುವ ಹಿತ್ತಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸುತ್ತ ಎರಡು ಮೀಟರು ಜಾಗ ಬಿಡಬೇಕು ಅಷ್ಟೆ.

ಸೈಕಸ್ ರಿವೊಲ್ಯೂಟ ದಕ್ಷಿಣ ಜಪಾನಿನದು. ಗರಿ ಮೊಳ–ಎರಡು ಮೊಳ, ಬಿರುಸು, ತುದಿ ಚುಚ್ಚುತ್ತದೆ. ಕಿರುಎಲೆಯ ಅಂಚು ಕೆಳಗೆ ಮಡಚಿಕೊಂಡಿರುತ್ತದೆ. ಬೆರಳಿನಿಂದ ಎಲೆಯ ಅಡಿ ಸವರಿದರೆ ಆ ಮಡಿಕೆ ಸಿಗುತ್ತದೆ, ಗುರುತಿಗೆ ಅಷ್ಟು ಸಾಕು. ನರ್ಸರಿಗಳಲ್ಲಿ ಹೆಚ್ಚು ಮಾರಾಟವಾಗುವುದೂ, ನಮ್ಮ ಮಳೆಗೆ ಹೆಚ್ಚು ಕೊಳೆಯುವುದೂ ಇದೇ. ಕರಾವಳಿಯಲ್ಲಿ ಇದನ್ನು ದಿಬ್ಬದ ಮೇಲೆ ಅಥವಾ ಕುಂಡದಲ್ಲಿ ಮಾತ್ರ ಬೆಳೆಸಿ.

ಮೂರನೆಯದು ಮೆಕ್ಸಿಕೋದ ಝಾಮಿಯಾ ಫರ್ಫುರೇಸಿಯಾ. ಇದು ಸೈಕಸ್ ಅಲ್ಲ, ಅದೇ ಬಳಗದ ಇನ್ನೊಂದು ಗಿಡ. ಎಲೆ ದಪ್ಪ ರಟ್ಟಿನಂತೆ, ಮೇಲೆ ಕಂದು ಧೂಳಿನಂಥ ರೋಮ. ಕಡಲತಡಿಯ ಗಿಡವಾದ್ದರಿಂದ ಉಪ್ಪುಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಕಾರವಾರದಲ್ಲಿ ಕಡಲಿಗೆ ಮುಖ ಮಾಡಿದ ತಾರಸಿ, ಕಾಂಪೌಂಡುಗಳಿಗೆ ಸೈಕಸ್‌ಗಿಂತ ಇದನ್ನೇ ಆರಿಸಿಕೊಳ್ಳಬೇಕು.

ಕೊಳ್ಳುವಾಗ ಬುಡವನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಿರಬೇಕು. ಒಂದು ಕಡೆ ಮೆತ್ತಗಾದರೂ ಬೇಡ. ಗರಿ, ಬೇರು ಎರಡನ್ನೂ ಕಡಿದು ಬರೀ ಬೊಡ್ಡೆಯನ್ನು ‘ಗೆಡ್ಡೆ’ ಎಂದು ಮಾರುವುದಿದೆ. ಅದರಲ್ಲೂ ಸರ್ಸಿನಾಲಿಸ್‌ನ ದಪ್ಪ ಬೊಡ್ಡೆ ಅಗ್ಗಕ್ಕೆ ಸಿಕ್ಕಿದರೆ ಅದು ಕಾಡಿನಿಂದ ಕಿತ್ತು ತಂದದ್ದಿರಬಹುದೆಂಬ ಅನುಮಾನ ಇರಲಿ. ಅಷ್ಟು ದಪ್ಪವಾಗಲು ನರ್ಸರಿಯಲ್ಲಿ ದಶಕಗಳೇ ಬೇಕು.

ಜಾಗ ನೋಡುವುದು ಆಷಾಢದಲ್ಲಿ, ನೆಡುವುದು ನವರಾತ್ರಿಗೆ

ಜೋರು ಮಳೆ ಹೊಡೆದು ನಿಂತ ಅರ್ಧ ಗಂಟೆಗೆ ಅಂಗಳಕ್ಕೆ ಇಳಿದು ನೋಡಿ. ಎಲ್ಲಿ ನೀರು ನಿಂತಿದೆ, ಎಲ್ಲಿ ಹರಿದಿದೆ, ಹಂಚಿನ ಸೂರಿನ ನೀರು ಎಲ್ಲಿ ಬೀಳುತ್ತದೆ ಎಂದು ಗುರುತಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಎಲ್ಲ ಜಾಗವೂ ಒಳ್ಳೆಯ ಜಾಗವೇ, ಅದನ್ನು ನಂಬಬಾರದು. ಗುರುತು ಮಾಡಿದ ಕಡೆ 30 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೋಡಿ ನೀರು ತುಂಬಿ. ಒಂದು ಗಂಟೆಯೊಳಗೆ ಇಂಗಿದರೆ ಅಲ್ಲಿ ನೆಡಬಹುದು. ಗುಂಡಿಗೆ ಅಡಿಯಿಂದಲೇ ನೀರು ಒಸರಿ ಬಂದರೆ, ಕರಾವಳಿಯ ತಗ್ಗು ಹಿತ್ತಲುಗಳಲ್ಲಿ ಜುಲೈ ತಿಂಗಳಲ್ಲಿ ಇದೇ ಆಗುವುದು, ಗುಂಡಿಯ ಯೋಚನೆ ಬಿಟ್ಟು ದಿಬ್ಬ ಕಟ್ಟಿ. ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಅಂಚಿನ ಉಪ್ಪುಮಣ್ಣಿನಲ್ಲಿ ಕುಂಡವೊಂದೇ ದಾರಿ.

ದಿಬ್ಬದ ಲೆಕ್ಕ ಹೀಗೆ: ಅಡಿಯಲ್ಲಿ ಅಗಲ 1.2 ಮೀಟರ್, ಎತ್ತರ 45 ಸೆಂ.ಮೀ. ಸುತ್ತ ಒಡೆದ ಚಿರೇಕಲ್ಲನ್ನು (ಜಂಬಿಟ್ಟಿಗೆ) ಸಂದು ಬಿಟ್ಟು ಜೋಡಿಸಿ. ಸಿಮೆಂಟು ಹಚ್ಚಬೇಡಿ: ನೀರು ಸಂದಿನಿಂದ ಹೊರಹೋಗಬೇಕು, ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿಯಲೂಬಾರದು. ಒಳಗೆ ತುಂಬಲು ಬುಟ್ಟಿ ಲೆಕ್ಕದಲ್ಲಿ, ಕಡಲೆಬೀಜದಿಂದ ಗೋಲಿ ಗಾತ್ರದವರೆಗಿನ ಚಿರೇಕಲ್ಲಿನ ಚೂರು 5, ಹೊಳೆಯ ದಪ್ಪ ಮರಳು 3, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಸೊಪ್ಪಿನ ಗೊಬ್ಬರ 2, ಕುಟ್ಟಿದ ಇದ್ದಿಲು 1. ಹೊಳೆಮರಳು ಸಿಗದಿದ್ದರೆ ಎಂ-ಸ್ಯಾಂಡ್ ಆಗುತ್ತದೆ. ಆದರೆ ಅದರ ನುಣ್ಣನೆ ಪುಡಿ ನೀರಿಳಿಯುವ ಸಂದನ್ನೆಲ್ಲ ಮುಚ್ಚುತ್ತದೆ, ಜರಡಿ ಹಿಡಿದು, ತೊಳೆದು ಹಾಕಿ. ಕಡಲದಂಡೆಯ ಮರಳು ಮಾತ್ರ ಬೇಡವೇ ಬೇಡ. ಉಪ್ಪನ್ನು ಮಳೆ ತೊಳೆದೀತು. ಅದರಲ್ಲಿರುವ ಚಿಪ್ಪಿನ ಚೂರು ವರ್ಷಗಟ್ಟಲೆ ಸುಣ್ಣ ಬಿಡುತ್ತಲೇ ಇರುತ್ತದೆ. ಅದರಿಂದ ಏನಾಗುತ್ತದೆಂಬುದು ಮುಂದೆ ಬರುತ್ತದೆ.

ತಯಾರಾದ ಮಿಶ್ರಣದ ಪರೀಕ್ಷೆ ಸುಲಭ. ಕುಂಡಕ್ಕೆ ತುಂಬಿ ಒಂದು ತಂಬಿಗೆ ನೀರು ಹೊಯ್ಯಿರಿ. ಮೇಲೆ ಕೆರೆಯಾಗದೆ ಹತ್ತೆಣಿಸುವಷ್ಟರಲ್ಲಿ ತಳದಿಂದ ಸುರಿಯಬೇಕು. ಸುರಿಯದಿದ್ದರೆ ಚಿರೇಕಲ್ಲಿನ ಚೂರು ಇನ್ನಷ್ಟು ಸೇರಿಸಿ.

ನೆಡಲು ಒಳ್ಳೆಯ ಕಾಲ ಚೌತಿ ಕಳೆದು ನವರಾತ್ರಿ ಬರುವ ಹೊತ್ತು. ಮಣ್ಣಿನಲ್ಲಿ ತೇವವಿರುತ್ತದೆ, ಬಿಸಿಲೂ ಏರುತ್ತಿರುತ್ತದೆ. ಮುಂದಿನ ಮಳೆಯೊಳಗೆ ಬೇರು ಹಿಡಿಯಲು ಎಂಟು ತಿಂಗಳು ಸಿಗುತ್ತದೆ. ಬುಡ ಉರುಟಾಗಿದ್ದರೆ ಅದರ ಅರ್ಧ, ಕಂಬದಂತಿದ್ದರೆ ಬೇರು ಶುರುವಾಗುವ ಗೆರೆಯವರೆಗೆ ಮಾತ್ರ ಮಣ್ಣು. ಉಳಿದದ್ದು ಗಾಳಿಗೆ ತೆರೆದಿರಲಿ. ಗಾಳಿಗೆ ಅಲ್ಲಾಡುತ್ತದೆಂದು ಮಣ್ಣೇರಿಸುವ ಬದಲು ಮೂರು ಬಿದಿರುಗೂಟ ಕೊಟ್ಟು ಕಟ್ಟಿ. ದರಕು (ಒಣ ಎಲೆ) ಹೊದಿಸುವುದಾದರೆ ಮೂರು–ನಾಲ್ಕು ಸೆಂ.ಮೀ. ದಪ್ಪ ಸಾಕು, ಬುಡದಿಂದ ಒಂದು ಗೇಣು ದೂರ. ಅಡಿಕೆ ಬುಡಕ್ಕೆ ಸೊಪ್ಪು ಒಟ್ಟುವ ಅಭ್ಯಾಸವಿರುವ ಕೈ ಇಲ್ಲಿ ತುಸು ಬಿಗಿ ಹಿಡಿಯಬೇಕು.

ನರ್ಸರಿಯ ಹಸಿರುಬಲೆಯಡಿ ಬೆಳೆದದ್ದನ್ನು ನೇರ ಬಿಸಿಲಿಗೆ ಇಟ್ಟರೆ ಎರಡೇ ದಿನದಲ್ಲಿ ಗರಿಗಳ ಮೇಲ್ಮೈ ಬಿಳಿಚಿ ಸುಡುತ್ತದೆ. ಮೊದಲ ವಾರ ಬೆಳಗಿನ ಬಿಸಿಲು, ಎರಡನೆಯ ವಾರ ಹತ್ತು ಹನ್ನೊಂದು ಗಂಟೆಯವರೆಗೆ, ಮೂರನೆಯ ವಾರದ ಮೇಲೆ ಪೂರ್ತಿ.

ಕುಂಡದಲ್ಲಿಡುವವರು ಮಣ್ಣಿನ ಕುಂಡವನ್ನೇ ಆರಿಸಿ, ತಳದ ತೂತು ಹೆಬ್ಬೆರಳು ಹೋಗುವಷ್ಟಿರಲಿ. ಜೂನ್ ಬಂದ ಕೂಡಲೇ ತಳದ ತಟ್ಟೆ ತೆಗೆದು, ಮೂರು ಇಟ್ಟಿಗೆ ಚೂರಿನ ಮೇಲೆ ಎತ್ತಿಡಿ. ಸೂರಿನ ನೀರು ಸುಳಿಗೇ ಬೀಳುವ ಸಾಲಿನಲ್ಲಿ ಇಡಬೇಡಿ.

ನೀರು, ಗೊಬ್ಬರ

ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ನೀರಿನ ಮಾತೇ ಇಲ್ಲ. ದೀಪಾವಳಿಯ ನಂತರ ಹೊಸ ಗಿಡಕ್ಕೆ ನಾಲ್ಕೈದು ದಿನಕ್ಕೊಮ್ಮೆ, ಬೇರು ಹಿಡಿದ ಹಳೆಯ ಗಿಡಕ್ಕೆ ಹತ್ತು–ಹದಿನೈದು ದಿನಕ್ಕೊಮ್ಮೆ. ಕುಂಡದಲ್ಲಿ ಎರಡು ಬೆರಳು ಆಳಕ್ಕೆ ಒಣಗಿದ ಮೇಲೆ. ಬುಡದ ಸುತ್ತ ಹೊಯ್ಯಿರಿ, ಸುಳಿಯೊಳಗೆ ಬೇಡ. ಕಡಲ ಗಾಳಿ ಹೊಡೆಯುವ ಜಾಗದಲ್ಲಿ ವಾರಕ್ಕೊಮ್ಮೆ ಬೆಳಿಗ್ಗೆ ಗರಿಗಳನ್ನು ಸಿಹಿನೀರಿನಿಂದ ತೊಳೆದರೆ ಉಪ್ಪಿನ ಸುಡು ಕಡಿಮೆಯಾಗುತ್ತದೆ.

ಗೊಬ್ಬರ ವರ್ಷಕ್ಕೆ ಎರಡು ಸಲ. ಮೇ ಕೊನೆಗೆ ಒಮ್ಮೆ, ಮಳೆ ಹಿಂದೆಗೆದ ಅಕ್ಟೋಬರಿನಲ್ಲಿ ಇನ್ನೊಮ್ಮೆ. ಮೊಳದೆತ್ತರದ ಬುಡವಿರುವ ಗಿಡಕ್ಕೆ ಪ್ರತಿ ಸಲ 2 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ, ಬುಡದಿಂದ ದೂರ, ಗರಿಗಳ ನೆರಳು ಬೀಳುವ ವರ್ತುಲದಲ್ಲಿ. ಹಸಿ ಸಗಣಿ, ಕೋಳಿಗೊಬ್ಬರ ಬೇಡ. ಒಲೆಯ ಬೂದಿಯನ್ನೂ ರಾಶಿ ಹಾಕಬೇಡಿ, ಅದೂ ಸುಣ್ಣದ ಕೆಲಸವನ್ನೇ ಮಾಡುತ್ತದೆ.

ಸುಳಿ ಬಿಚ್ಚುವ ಮೂರು ವಾರ

ವರ್ಷದಲ್ಲಿ ನಿಜವಾಗಿ ಕಾವಲು ಕಾಯಬೇಕಾದ್ದು ಇದೊಂದೇ ಹೊತ್ತು. ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ ಅಥವಾ ಮೊದಲ ಮಳೆಗೆ ಸುಳಿ ಊದಿಕೊಂಡು ಕಂದು ತುಪ್ಪಳದ ಮುದ್ದೆಯಂತಾಗುತ್ತದೆ. ಮುದ್ದೆ ಒಡೆದು ತಿಳಿಹಸಿರು ಗರಿಗಳು ನೆಟ್ಟಗೆ ಏಳುತ್ತವೆ. ಒಂದೊಂದು ಕಿರುಎಲೆಯೂ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡು, ಮೇಲೆ ನವಿರು ರೋಮ ಹೊತ್ತಿರುತ್ತದೆ. ಮುಟ್ಟಿದರೆ ಕೆಸುವಿನ ಎಳೆ ಸುಳಿಯಷ್ಟು ಮೆತ್ತಗೆ. ಇದು ಬಿಚ್ಚಿ ಗಟ್ಟಿಯಾಗಲು ಮೂರು–ನಾಲ್ಕು ವಾರ.

ಈ ಅವಧಿಯಲ್ಲಿ ಕುಂಡ ತಿರುಗಿಸಬೇಡಿ, ಜಾಗ ಬದಲಿಸಬೇಡಿ. ಬೆಳಕಿನ ದಿಕ್ಕು ಬದಲಾದರೆ ಗರಿಗಳು ಸೊಟ್ಟಗಾಗಿ, ಹಾಗೆಯೇ ಗಟ್ಟಿಯಾಗಿ, ವರ್ಷವಿಡೀ ಸೊಟ್ಟಗೇ ಇರುತ್ತವೆ. ಕತ್ತಲ ಜಗುಲಿಯಲ್ಲಿಟ್ಟರೆ ಗರಿ ಉದ್ದುದ್ದವಾಗಿ ಜೋಲುತ್ತದೆ. ಮೇ ಕೊನೆಯ ಗೊಬ್ಬರವೂ ಗರಿ ಗಟ್ಟಿಯಾಗುವವರೆಗೆ ಬೇಡ, ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವಂತೂ ಎಳೆಗರಿಗೆ ತಾಗಲೇಬಾರದು, ಸುಟ್ಟುಹೋಗುತ್ತದೆ.

ಈ ಹೊತ್ತಿಗೇ ಬರುತ್ತದೆ ಒಂದು ಸಣ್ಣ ನೀಲಿ ಚಿಟ್ಟೆ, ರೆಕ್ಕೆ ಬಿಚ್ಚಿದರೆ ಒಂದಿಂಚು. ಪ್ಲೇನ್ಸ್ ಕ್ಯುಪಿಡ್ ಎಂಬ ಹೆಸರಿನದು. ವೈಜ್ಞಾನಿಕ ಹೆಸರಿನಲ್ಲಿ ‘ಪಾಂಡವ’ ಎಂಬ ನಮ್ಮ ಪದವೇ ಇದೆ. ಎಳೆ ಸುರುಳಿಗಳ ಮೇಲೆ ಸಾಸಿವೆಗಿಂತ ಸಣ್ಣ, ಚಪ್ಪಟೆ ಬಿಲ್ಲೆಯಂಥ ಬೆಳ್ಳನೆ ಮೊಟ್ಟೆ ಇಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಹಸಿರು ಅಥವಾ ಕೆಂಗಂದು ಹುಳುಗಳು ಸುರುಳಿಯೊಳಗೆ ಅಡಗಿ ಮೇಯುತ್ತವೆ. ಹೊರಗಿನಿಂದ ಏನೂ ಕಾಣದು. ಒಂದು ವಾರ ಊರಿಗೆ ಹೋಗಿ ಬಂದರೆ ಗರಿಯ ದಿಂಡು ಮಾತ್ರ ಉಳಿದಿರುತ್ತದೆ, ಬಾಚಣಿಕೆಯ ಹಲ್ಲು ಉದುರಿದಂತೆ. ಇರುವೆಗಳು ಸುಳಿಯ ಮೇಲೆ ಓಡಾಡುತ್ತಿದ್ದರೆ ಅದೇ ಸೂಚನೆ. ಹುಳು ಸುರಿಸುವ ಸಿಹಿರಸಕ್ಕಾಗಿ ಇರುವೆ ಅದನ್ನು ಕಾಯುತ್ತದೆ. ಇರುವೆ ಕಂಡ ದಿನವೇ ಸುರುಳಿ ಬಿಡಿಸಿ ನೋಡಬೇಕು.

ಎಲ್ಲಕ್ಕಿಂತ ನಂಬಬಹುದಾದ ಉಪಾಯ ಹಳೆಯ ಸೊಳ್ಳೆಪರದೆ. ತುಪ್ಪಳದ ಮುದ್ದೆ ಒಡೆಯುವ ದಿನವೇ ಗಿಡದ ಸುತ್ತ ನಾಲ್ಕು ಬಿದಿರುಕೋಲು ಊರಿ, ಗರಿ ಏಳಲು ಮೇಲೆ ಒಂದೂವರೆ ಮೀಟರ್ ಎಡೆ ಬಿಟ್ಟು ಪರದೆ ಇಳಿಬಿಡಿ. ಕೆಳಗೆ ಬುಡಕ್ಕೆ ಸಂದಿಲ್ಲದಂತೆ ಕಟ್ಟಿ. ಕಟ್ಟುವ ಮೊದಲು ಮೊಟ್ಟೆ ಇದೆಯೇ ಎಂದು ನೋಡಿ, ಇದ್ದರೆ ನೀರಿನ ಸಣ್ಣ ಧಾರೆಯಲ್ಲಿ ತೊಳೆಯಿರಿ. ಕಿರುಎಲೆಯನ್ನು ಬಾಗಿಸಿದಾಗ ಮಣಿಯದೆ ಲಟಕ್ಕನೆ ಮಡಚಿಕೊಳ್ಳುವಷ್ಟು ಗಟ್ಟಿಯಾದ ಮೇಲೆ ಪರದೆ ತೆಗೆಯಬಹುದು. ಬಲಿತ ಎಲೆ ಈ ಹುಳುವಿನ ಬಾಯಿಗೆ ಹತ್ತುವುದಿಲ್ಲ.

ಹುಳು ಹತ್ತಿಯೇ ಬಿಟ್ಟಿದ್ದರೆ ಬಿ.ಟಿ. ಪುಡಿಯನ್ನು (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಲೀಟರಿಗೆ 1ರಿಂದ 2 ಗ್ರಾಂ ಕದಡಿ ಸಂಜೆ ಸುರುಳಿಯೊಳಗೆ ಇಳಿಯುವಂತೆ ಸಿಂಪಡಿಸಿ. ಮಳೆ ಬಂದರೆ ಮತ್ತೆ ಹೊಡೆಯಬೇಕು. ಬೇವಿನೆಣ್ಣೆಯಾದರೆ ಲೀಟರಿಗೆ 3 ಮಿ.ಲೀ., ನೊರೆಗೆ ಒಂದೆರಡು ಮಿ.ಲೀ. ಸೋಪಿನ ದ್ರಾವಣ, ಅದೂ ಸಂಜೆಯೇ. ಬಿಸಿಲಲ್ಲಿ ಎಣ್ಣೆ ಹೊಡೆದರೆ ಹುಳುವಿಗಿಂತ ಹೆಚ್ಚು ಹಾನಿ ಎಣ್ಣೆಯಿಂದಲೇ. ಕಟು ಕೀಟನಾಶಕಗಳು ಇಲ್ಲಿ ಅಗತ್ಯವಿಲ್ಲ. ಈ ಚಿಟ್ಟೆಯೂ ಈ ನೆಲದ್ದೇ. ನಾಲ್ಕು ಗಿಡವಿರುವವರು ಒಂದು ದೊಡ್ಡ ಗಿಡವನ್ನು ಅದಕ್ಕೆಂದು ಬಿಟ್ಟುಕೊಟ್ಟರೆ ನಷ್ಟವಿಲ್ಲ, ಹಳೆಯ ಗರಿಗಳು ಅದನ್ನು ಪೊರೆಯುತ್ತವೆ.

ಹಳೆಯ ಗರಿ ಎಂದಾಗ ಒಂದು ಮಾತು. ಹೊಸ ಸುಳಿ ಬಂದೊಡನೆ ಅಂದಕ್ಕೆಂದು ಹಸಿರು ಗರಿಗಳನ್ನೆಲ್ಲ ಸವರಿ ಜುಟ್ಟು ಬಿಡುವ ಪದ್ಧತಿ ಗಿಡಕ್ಕೆ ಹೊಡೆತ. ಹಳೆಯ ಗರಿಯಲ್ಲಿರುವ ಸಾರವೇ ಹೊಸದಕ್ಕೆ ಹೋಗುವುದು. ಪೂರ್ತಿ ಒಣಗಿದ್ದನ್ನು ಮಾತ್ರ ಕತ್ತರಿಸಿ.

ಹಳದಿಯಾದರೆ ಯಾವ ಗರಿ ಎಂದು ಮೊದಲು ನೋಡಿ

ಎಲ್ಲಕ್ಕಿಂತ ಕೆಳಗಿನ ಸುತ್ತು ಒಂದೊಂದಾಗಿ ಹಣ್ಣಾದರೆ ಅದು ವಯಸ್ಸು, ಚಿಂತೆ ಬೇಡ.

ಹಳೆಯ ಗರಿಗಳ ಅಂಚು, ತುದಿಗಳೆಲ್ಲ ಹಳದಿಯಾಗಿ ದಿಂಡಿನ ಕಡೆಗೆ ಹಸಿರು ಉಳಿದಿದ್ದರೆ ಮೆಗ್ನೀಷಿಯಂ ಕೊರತೆ. ನಮ್ಮ ಮಳೆ ಕೆಂಪುಮಣ್ಣಿನಿಂದ ಅದನ್ನು ತೊಳೆದೊಯ್ಯುತ್ತದೆ. ಅಕ್ಟೋಬರಿನಲ್ಲಿ 50 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಷಿಯಂ ಸಲ್ಫೇಟ್) ಬುಡದ ಸುತ್ತ ಎರಚಿ ನೀರುಣಿಸಿ, ಫೆಬ್ರವರಿಯಲ್ಲಿ ಇನ್ನೊಮ್ಮೆ. ಹಳದಿಯಾದದ್ದು ಮತ್ತೆ ಹಸಿರಾಗುವುದಿಲ್ಲ, ಮುಂದಿನದು ಸರಿಯಾಗುತ್ತದೆ.

ಹೊಸ ಸುತ್ತೇ ಬಿಳಿಚಿ, ಮುರುಟಿ, ಸುಟ್ಟ ಕೂದಲಿನಂತೆ ಬಂದರೆ ಮ್ಯಾಂಗನೀಸ್ ಕೊರತೆ. ಕೆಂಪುಮಣ್ಣು ಹುಳಿಗುಣದ್ದು, ಅಲ್ಲಿ ಇದು ಅಪರೂಪ. ಕಡಲಮರಳು ಹಾಕಿದಲ್ಲಿ, ಗಾರೆಯ ಚೂರು ಸುರಿದ ಗೋಡೆಬದಿಯಲ್ಲಿ, ಹೊಸ ಕಾಂಕ್ರೀಟ್ ಕಾಂಪೌಂಡಿನ ಪಕ್ಕದಲ್ಲಿ ಕಾಣಿಸುತ್ತದೆ. ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೂ ಸುಣ್ಣ ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತದೆ. ಮ್ಯಾಂಗನೀಸ್ ಸಲ್ಫೇಟ್ 50 ಗ್ರಾಂ ಬುಡದ ಸುತ್ತ ಕೊಡಿ, ಜೊತೆಗೆ ಲೀಟರಿಗೆ 2 ಗ್ರಾಂ ಕದಡಿ ಸಂಜೆ ಗರಿಗಳಿಗೆ ಸಿಂಪಡಿಸಿ. ಅಂಗಡಿಯಲ್ಲಿ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟು ಕಳಿಸುವುದುಂಟು, ಚೀಟಿ ಓದಿ ತನ್ನಿ. ಕೊನೆಗೂ ಸರಿಯಾದ ಮದ್ದು ಆ ಮಣ್ಣನ್ನು ಬದಲಿಸುವುದೇ.

ಗರಿಗಳ ಅಡಿಯಲ್ಲಿ ಸುಣ್ಣ ಚಿಮುಕಿಸಿದಂತೆ ಬಿಳಿ ಪೊರೆ ಕಂಡು, ಮೇಲೆ ಹಳದಿ ಚುಕ್ಕೆ ಮೂಡಿದರೆ ಶಲ್ಕ ಕೀಟ. ಹೆಚ್ಚು ಹತ್ತಿದ ಗರಿ ಕಡಿದು ಸುಟ್ಟುಬಿಡಿ. ಉಳಿದವನ್ನು ಸೋಪುನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೋಟಗಾರಿಕೆಯ ಖನಿಜ ಎಣ್ಣೆ ಲೀಟರಿಗೆ 10 ಮಿ.ಲೀ. ಬೆರೆಸಿ ಎಲೆಯಡಿಗೆ ಹೊಡೆಯಿರಿ. ಹತ್ತು ದಿನಕ್ಕೊಮ್ಮೆ ಮೂರು ಸಲ. ಸತ್ತ ಪೊರೆ ತಾನಾಗಿ ಉದುರದು. ಉಗುರಿನಿಂದ ಕೆರೆದಾಗ ರಸ ಬಂದರೆ ಕೀಟ ಜೀವಂತವಿದೆ, ಪುಡಿಯಾದರೆ ಸತ್ತಿದೆ.

ಎಲ್ಲ ಗರಿಗಳೂ ಒಟ್ಟಿಗೆ ಮಂಕಾದರೆ ತಡಮಾಡಬೇಡಿ, ಕೊಳೆ ಶುರುವಾಗಿದೆ. ಮಳೆ ಸುರಿಯುತ್ತಿದ್ದರೂ ಗಿಡವನ್ನು ಕಿತ್ತು ಕೊಟ್ಟಿಗೆಗೋ ಅಟ್ಟಕ್ಕೋ ತನ್ನಿ. ಮಣ್ಣು ತೊಳೆದು, ಮೆತ್ತಗಾದ ಭಾಗವನ್ನು ಹರಿತ ಚೂರಿಯಿಂದ ಹೋಳುಹೋಳಾಗಿ ತೆಗೆಯುತ್ತ ಹೋಗಿ. ಆರೋಗ್ಯದ ತಿರುಳು ಮೂಲಂಗಿಯಂತೆ ಕೆನೆಬಿಳಿ, ಕತ್ತರಿಸಿದಲ್ಲಿ ತಿಳಿಯಾದ ಅಂಟು ಒಸರುತ್ತದೆ. ಕಂದು ಚುಕ್ಕೆ ಒಂದೂ ಉಳಿಯಬಾರದು. ಪ್ರತಿ ಕಡಿತದ ನಂತರ ಚೂರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಗರಿಗಳನ್ನೆಲ್ಲ ಕತ್ತರಿಸಿ. ಹಸಿರು ಗರಿ ತೆಗೆಯಬೇಕಾದ ಸಂದರ್ಭ ಇದು. ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕದ ಲೀಟರಿಗೆ 3 ಗ್ರಾಂ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸಿ, ಗಾಯಕ್ಕೆ ಇದ್ದಿಲಪುಡಿ ಮೆತ್ತಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ಎರಡು ವಾರ ಒಣಗಿಸಿ. ಮಳೆಗಾಲದ ತೇವದಲ್ಲಿ ಮೂರು ವಾರವೂ ಬೇಕಾದೀತು. ಗಾಯ ಗರಿಗರಿಯಾಗಿ ಚರ್ಮಗಟ್ಟಿದ ಮೇಲೆ ಒಣ ಮರಳಿನ ಕುಂಡಕ್ಕೆ. ತಿರುಳಿನ ಮಧ್ಯಭಾಗ ಉಳಿದಿದ್ದರೆ ಗಿಡ ಉಳಿಯುವ ಆಸೆ ಇದೆ.

ಮರಿ ಬಿಡಿಸುವುದು

ಬುಡದ ಪಕ್ಕದಲ್ಲಿ ಏಳುವ ಮರಿಗಳಿಂದ ಹೊಸ ಗಿಡ ಮಾಡುವುದು ಬೀಜಕ್ಕಿಂತ ಸುಲಭ. ಕಾಲ ಡಿಸೆಂಬರಿನಿಂದ ಫೆಬ್ರವರಿ. ಮಳೆಯಲ್ಲಿ ಖಂಡಿತ ಬೇಡ.

1. ಕ್ರಿಕೆಟ್ ಚೆಂಡಿನ ಗಾತ್ರಕ್ಕೆ ಬಂದ ಮರಿಯನ್ನು ಆರಿಸಿ. ಅಡಿಕೆ ಗಾತ್ರದ್ದು ಒಣಗಿ ಹೋಗುತ್ತದೆ.

2. ಸುತ್ತಲ ಮಣ್ಣನ್ನು ಕೈಯಿಂದ ಬಿಡಿಸಿ, ತಾಯಿಗೆ ಅಂಟಿದ ಕುತ್ತಿಗೆ ಕಾಣಬೇಕು. ಅಗಲ ಉಳಿಯನ್ನು ಕುತ್ತಿಗೆಗೆ ಇಟ್ಟು ಮರದ ಸುತ್ತಿಗೆಯಿಂದ ಒಂದೆರಡು ಏಟು. ಸನಿಕೆಯಿಂದ ಮೀಟಿ ಎಬ್ಬಿಸಿದರೆ ತಾಯಿಯ ಬುಡ ಸೀಳುತ್ತದೆ.

3. ಮರಿಯ ಗರಿಗಳನ್ನೆಲ್ಲ ಬುಡಮಟ್ಟ ಕತ್ತರಿಸಿ. ಬೇರಿಲ್ಲದ ಮರಿ ಗರಿಗೆ ನೀರೊದಗಿಸಲಾರದು.

4. ಎರಡೂ ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೇಪ ಹಚ್ಚಿ. ತಾಯಿಯ ಗಾಯ ಒಂದು ವಾರ ಗಾಳಿಗೆ ತೆರೆದಿರಲಿ, ಆಮೇಲೆ ಮಣ್ಣು. ಮರಿಯನ್ನು ನೆರಳಲ್ಲಿ 7ರಿಂದ 10 ದಿನ ಒಣಗಿಸಿ.

5. ದಪ್ಪ ಮರಳು ಮತ್ತು ಚಿರೇಕಲ್ಲಿನ ಚೂರು ಸಮಸಮ ಬೆರೆಸಿ, ಅರ್ಧ ಮರಿ ಹೂತುಹೋಗುವಂತೆ ಕೂರಿಸಿ. ಒಮ್ಮೆ ಚೆನ್ನಾಗಿ ನೀರು, ಮುಂದಿನದು ಪೂರ್ತಿ ಒಣಗಿದ ಮೇಲೆ. ಗೊಬ್ಬರವಿಲ್ಲ, ನೇರ ಬಿಸಿಲಿಲ್ಲ.

ಹೆಚ್ಚಿನವರು ಎಡವುವುದು ಇದರ ನಂತರ. ಎರಡು–ಮೂರು ತಿಂಗಳಿಗೆ ಸುಳಿಯಿಂದ ಒಂದೆರಡು ಗರಿ ಬರುತ್ತದೆ. ಹಿಡಿಯಿತೆಂದು ಸಂತೋಷಪಟ್ಟು ದಿನಾ ನೀರು, ಗೊಬ್ಬರ, ದೊಡ್ಡ ಕುಂಡ. ಆದರೆ ಆ ಗರಿ ಬೊಡ್ಡೆಯಲ್ಲಿದ್ದ ಹಿಟ್ಟಿನ ಬಲದಿಂದ ಬಂದದ್ದು, ಬೇರು ಇನ್ನೂ ಮೂಡಿರುವುದೇ ಇಲ್ಲ. ಮರಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮರಳು ಹಿಡಿದು ನಿಂತರೆ ಬೇರಿದೆ, ಸಲೀಸಾಗಿ ತಿರುಗಿದರೆ ಇಲ್ಲ. ಬೇರಿಗೆ ಮೂರರಿಂದ ಆರು ತಿಂಗಳು. ಅಷ್ಟರಲ್ಲಿ ಮಳೆ ಬಂದರೆ ಕುಂಡ ಜಗುಲಿಗೆ ಬರಲಿ.

ಬೀಜ

ಗಂಡು ಗಿಡದ ನೆತ್ತಿಯಲ್ಲಿ ಅಡಿಗಿಂತ ಉದ್ದದ ಶಂಕು ಏಳುತ್ತದೆ, ವಾಸನೆ ದೂರಕ್ಕೂ ಹೊಡೆಯುತ್ತದೆ. ಹೆಣ್ಣಿನ ನೆತ್ತಿಯಲ್ಲಿ ಕಂದು ತುಪ್ಪಳದ ಎಲೆಯಂಥ ಹಾಳೆಗಳ ಗೊಂಚಲು, ಅದರ ಅಂಚುಗಳಲ್ಲಿ ಬೀಜಾಂಡ. ಹತ್ತಿರ ಗಂಡು ಗಿಡವಿಲ್ಲದಿದ್ದರೂ ಸೈಕಸ್‌ನಲ್ಲಿ ಬೀಜ ಊದಿ, ಬಣ್ಣ ತಿರುಗಿ, ಉದುರುತ್ತದೆ. ಒಳಗೆ ಭ್ರೂಣವಿರುವುದಿಲ್ಲ. ವರ್ಷಗಟ್ಟಲೆ ಕಾದರೂ ಮೊಳೆಯದ ಬೀಜಗಳ ಕಥೆ ಹೆಚ್ಚಾಗಿ ಇದೇ.

ಊರಿನಲ್ಲೆಲ್ಲೋ ಗಂಡು ಗಿಡವಿದ್ದರೆ, ಅದರ ಶಂಕುವಿನ ಪದರ ಬಿಚ್ಚಿ ಹಳದಿ ಪುಡಿ ಉದುರುವಾಗ ಕಾಗದದ ಮೇಲೆ ತಟ್ಟಿಕೊಳ್ಳಿ. ಎರಡು ದಿನ ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಹೆಣ್ಣಿನ ಹಾಳೆಗಳು ಸಡಿಲಾಗಿ ಸಂದಿನಲ್ಲಿ ಬೀಜಾಂಡ ಕಾಣತೊಡಗಿದಾಗ, ಇಬ್ಬನಿ ಆರಿದ ಮೇಲೆ, ರಬ್ಬರ್ ಬುಂಡೆಯಿಂದ ಪುಡಿಯನ್ನು ಒಳಕ್ಕೆ ಊದಿ. ದಿನ ಬಿಟ್ಟು ದಿನ, ಮೂರು ಸಲ. ಪುಡಿ ಬಿದ್ದ ಎಷ್ಟೋ ತಿಂಗಳ ಮೇಲೆ ಬೀಜಾಂಡದೊಳಗೆ ಈಜುವ ವೀರ್ಯಾಣು ಹೊರಟು ಅಂಡವನ್ನು ಸೇರುತ್ತದೆ. ಬೀಜದ ಸಸ್ಯದಲ್ಲಿ ಈಜುವ ವೀರ್ಯಾಣುವೇ ಎಂದು ಜಗತ್ತು ಬೆರಗಾದದ್ದು 1896ರಲ್ಲಿ, ಜಪಾನಿನ ವಿಜ್ಞಾನಿಗಳಾದ ಹಿರಾಸೆ ಗಿಂಕ್ಗೊ ಮರದಲ್ಲಿ, ಇಕೆನೊ ಇದೇ ಸೈಕಸ್ ರಿವೊಲ್ಯೂಟದಲ್ಲಿ ಅದನ್ನು ಕಂಡಾಗ.

ಬೀಜ ಬಲಿತು ಉದುರಿದಾಗ ಭ್ರೂಣ ಇನ್ನೂ ಎಳೆಯದು. ಕೈಗವಸು ಹಾಕಿ, ಮೂರು–ನಾಲ್ಕು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಹೊರಸಿಪ್ಪೆ ಉಜ್ಜಿ ತೆಗೆಯಿರಿ. ತೇಲುವುದನ್ನು ಬಿಟ್ಟು ಮುಳುಗಿದ್ದನ್ನು ಎರಡು–ಮೂರು ತಿಂಗಳು ತುಸು ತೇವದ ಮರಳಲ್ಲಿ ನೆರಳಿನಲ್ಲಿಡಿ. ಆಮೇಲೆ ಮರಳ ಮೇಲೆ ಅಡ್ಡ ಮಲಗಿಸಿ, ಅರ್ಧ ಹೂಳಿ. ಇಲಿ ಹೆಗ್ಗಣ ಕೆದರದಂತೆ ತಂತಿಜಾಲ ಮುಚ್ಚಿ. ಮೊಳಕೆಗೆ ಆರು ತಿಂಗಳಾದರೂ ಕೆದಕಿ ನೋಡಬೇಡಿ. ಬೇರು ಬಂದ ಮೇಲೆ ಉದ್ದನೆಯ ಚೀಲಕ್ಕೆ ಬದಲಿಸಿ, ತಾಯಿಬೇರು ನೇರ ಇಳಿಯಬೇಕು. ಮೊದಲು ಒಂದೇ ಒಂದು ಗರಿ ಬರುತ್ತದೆ. ಪಕ್ಕದಲ್ಲಿ ಅಂಟಿಕೊಂಡಿರುವ ಬೀಜವನ್ನು ಕಿತ್ತು ಎಸೆಯಬೇಡಿ, ಸಸಿ ತಿಂಗಳುಗಟ್ಟಲೆ ಅದರಿಂದಲೇ ಉಣ್ಣುತ್ತಿರುತ್ತದೆ.

ವಿಷ ಮತ್ತು ಕಾಡು

ಗಿಡದ ಎಲ್ಲ ಭಾಗವೂ ವಿಷ, ಬೀಜ ಅತಿ ಹೆಚ್ಚು. ಸೈಕಾಸಿನ್ ಎಂಬ ಅಂಶ ಯಕೃತ್ತನ್ನು ಕೆಡಿಸುತ್ತದೆ. ಒಂದೆರಡು ಬೀಜ ಜಗಿದರೂ ನಾಯಿ ಸಾಯಬಹುದು. ವಾಂತಿ ಶುರುವಾಗುವುದನ್ನು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಎಲೆ ಮೇಯ್ದ ದನಗಳ ಹಿಂಗಾಲು ಸ್ವಾಧೀನ ತಪ್ಪುವುದುಂಟು. ಹಾಗಾಗಿ ದನ ಬಿಡುವ ಬೇಣ, ಬೆಟ್ಟದ ಅಂಚಿನಲ್ಲಿ ನೆಟ್ಟರೆ ಬೇಲಿ ಇರಲೇಬೇಕು, ಕಡಿದ ಗರಿಯನ್ನು ಕೊಟ್ಟಿಗೆಗೆ ಹಾಸಬಾರದು. ಬೀಜ ಉದುರುವ ತಿಂಗಳಲ್ಲಿ ಮಕ್ಕಳ ಕೈಗೆ ಸಿಗದಂತೆ ದಿನಾ ಹೆಕ್ಕಿ ತೆಗೆಯಿರಿ. ಕೇರಳದಲ್ಲಿ ಈಂದು ಎಂದು ಕರೆದು ಬೀಜವನ್ನು ಒಣಗಿಸಿ, ನೀರು ಬದಲಿಸುತ್ತ ವಿಷ ಕಳೆದು ಹಿಟ್ಟು ಮಾಡುವ ಹಳೆಯ ರೂಢಿಯಿದೆ. ಅದನ್ನು ಕೇಳಿ ಅಥವಾ ವಿಡಿಯೋ ನೋಡಿ ಮನೆಯಲ್ಲಿ ಪ್ರಯೋಗಕ್ಕಿಳಿಯಬೇಡಿ.

ಘಟ್ಟದ ಸರ್ಸಿನಾಲಿಸ್ ಈಗ ಅಪಾಯದಂಚಿನ ಜಾತಿಗಳ ಪಟ್ಟಿಯಲ್ಲಿದೆ. ಮಂಟಪದ ಅಲಂಕಾರಕ್ಕೆ ಗರಿ, ನಾಟಿ ಔಷಧಿಗೆ ಗಂಡು ಶಂಕು, ಹಿಟ್ಟಿಗೆ ಬೊಡ್ಡೆ, ಹೀಗೆ ಎಲ್ಲ ಕಡೆಯಿಂದ ಕೊಯ್ಲು. ಶಂಕುವನ್ನು ಬಲಿಯುವ ಮೊದಲೇ ಕೊಯ್ದರೆ ಸುತ್ತಲಿನ ಹೆಣ್ಣು ಗಿಡಗಳ ಬೀಜವೆಲ್ಲ ಆ ವರ್ಷ ಪೊಳ್ಳು. ಮೀಸಲು ಅರಣ್ಯದಿಂದ ಗಿಡ ಕೀಳುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಮನೆಯಲ್ಲಿ ಬಲಿತ ಸರ್ಸಿನಾಲಿಸ್ ಇರುವವರು ಅದು ಗಂಡೋ ಹೆಣ್ಣೋ ಎಂದು ಬರೆದಿಟ್ಟುಕೊಂಡು, ಅಕ್ಕಪಕ್ಕದ ಊರಿನವರೊಂದಿಗೆ ಪರಾಗದ ಪೊಟ್ಟಣ ಕೊಟ್ಟು ತೆಗೆದುಕೊಂಡರೆ, ಬೊಡ್ಡೆಗಾಗಿ ಯಾರೂ ಘಟ್ಟ ಹತ್ತಬೇಕಾಗಿಲ್ಲ. ಶಂಕು ಬಿಟ್ಟ ವರ್ಷ, ತಿಂಗಳು, ಜಾಗ ಇಷ್ಟನ್ನು ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಫ್ರಿಜ್ಜಿನ ತೇವಕ್ಕೆ ಅಳಿಸಿಹೋಗುತ್ತದೆ.